ದಪ್ಪ ವೈರ್ ಹಿಂದಿನ ಸ್ಪೀಕರ್‌ಗೆ ಹಾಕಿ

ಮುಂಬೈ ಫ್ಲ್ಯಾಟುಗಳಲ್ಲಿ ಹೋಮ್ ಥಿಯೇಟರ್ ಕೂರಿಸುವಾಗ ಹೆಚ್ಚಿನವರು ದಪ್ಪ ವೈರನ್ನು ಟಿವಿ ಪಕ್ಕದ ಸ್ಪೀಕರ್‌ಗಳಿಗೆ ಹಾಕಿ, ತೆಳುವಾದದ್ದನ್ನು ಸೋಫಾ ಹಿಂದಕ್ಕೆ ಎಳೆಯುತ್ತಾರೆ. ನಾನು ಮಾಡುವುದು ಇದರ ತಿರುವುಮುರುವು. ವೈರ್ ಎಷ್ಟು ದಪ್ಪ ಬೇಕೆನ್ನುವುದು ಅದು ಓಡುವ ಉದ್ದ ಮತ್ತು ಸ್ಪೀಕರಿನ ಓಮ್ (ಕರೆಂಟಿಗೆ ಅದು ಒಡ್ಡುವ ತಡೆ), ಇವೆರಡರ ಮೇಲೆ ನಿಂತಿದೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನೋಡಿ ವೈರ್ ತರಬೇಡಿ.

ಉದ್ದವನ್ನು ಕಣ್ಣಳತೆಯಲ್ಲಿ ಹೇಳಿದರೆ ತಪ್ಪುವುದು ಖಂಡಿತ. ವೈರ್ ಹೋಗುವ ದಾರಿಯಲ್ಲೇ ಸುತಳಿ ಹಿಡಿದು ಅಳೆಯುತ್ತೇನೆ. 10×15 ಅಡಿಯ ಹಾಲ್ ತೆಗೆದುಕೊಳ್ಳಿ. ಹಿಂದಿನ ಸ್ಪೀಕರಿಗೆ ಹೋಗುವ ವೈರಿಗೆ, ರಿಸೀವರಿನಿಂದ (ಸ್ಪೀಕರುಗಳಿಗೆ ದನಿ ಕಳಿಸುವ ಯಂತ್ರ) ಮೂಲೆಗೆ 1.5 ಮೀಟರ್, ಉದ್ದ ಗೋಡೆ 4.6 ಮೀಟರ್. ನಡುವೆ ಅಡುಗೆಮನೆ ಬಾಗಿಲಿದ್ದರೆ ಚೌಕಟ್ಟು ಹತ್ತಿ ಇಳಿಯಲು ಇನ್ನೂ 4.2. ಸ್ಪೀಕರ್ ಎತ್ತರಕ್ಕೆ 1.5, ಎರಡೂ ತುದಿಯಲ್ಲಿ ಅರ್ಧರ್ಧ ಮೀಟರ್ ಸಡಿಲ. ಒಟ್ಟು ಸುಮಾರು 13 ಮೀಟರ್. ಕರೆಂಟು ಹೋಗಿ ಬರಬೇಕಾದ್ದರಿಂದ ಲೆಕ್ಕಕ್ಕೆ ಹಿಡಿಯುವುದು 26 ಮೀಟರ್ ತಾಮ್ರ.

ನಾನು ಪಾಲಿಸುವ ಮಿತಿ: ವೈರಿನ ಪ್ರತಿರೋಧ ಸ್ಪೀಕರ್ ಓಮ್‌ನ ಶೇ. 5 ದಾಟಬಾರದು. 8 ಓಮ್‌ಗೆ 0.4, 6 ಓಮ್‌ಗೆ 0.3, 4 ಓಮ್‌ಗೆ 0.2. ಭಾರತೀಯ ಮಾನಕ ಐಎಸ್ 8130 ಪ್ರಕಾರ ಬಳುಕುವ ತಾಮ್ರದ ವೈರಿಗೆ ಕಿಲೋಮೀಟರಿಗೆ ಗರಿಷ್ಠ ಪ್ರತಿರೋಧ 1 ಸ್ಕ್ವೇರ್ ಎಂಎಂನಲ್ಲಿ (ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ; ಮುಂದೆ ಬರೀ ಎಂಎಂ) 19.5 ಓಮ್, 1.5ರಲ್ಲಿ 13.3, 2.5ರಲ್ಲಿ 7.98, 4ರಲ್ಲಿ 4.95. ನಮ್ಮ 26 ಮೀಟರಿಗೆ 1 ಎಂಎಂ ಹಾಕಿದರೆ 0.51 ಓಮ್, ಯಾವ ಸ್ಪೀಕರಿಗೂ ಆಗದು. 1.5ರಲ್ಲಿ 0.35: 8 ಓಮ್‌ಗೆ ಸರಿ, 6ಕ್ಕೆ ಹೆಚ್ಚಾಯಿತು. 2.5ರಲ್ಲಿ 0.21, 6 ಓಮ್‌ಗೆ ನೆಮ್ಮದಿ. 4 ಓಮ್ ಸ್ಪೀಕರಾದರೆ 4 ಎಂಎಂಗೇ ಹೋಗುತ್ತೇನೆ. ಟಿವಿ ಪಕ್ಕದ ಸ್ಪೀಕರಿಗೆ 3 ಮೀಟರ್ ದಾರಿ ಇದ್ದರೆ 1.5ರಲ್ಲಿ ಬರೀ 0.08 ಓಮ್. ಅಲ್ಲಿ ಅದಕ್ಕಿಂತ ದಪ್ಪ ಹಾಕುವುದು ದುಡ್ಡು ದಂಡ.

ಮಿತಿಯಲ್ಲಿ ದನಿ ಇಳಿಯುವುದು ಅರ್ಧ ಡೆಸಿಬಲ್‌ಗಿಂತ ಕಡಿಮೆ, ರಿಸೀವರಿನ ಲೆವೆಲ್‌ನಲ್ಲೇ (ಒಂದೊಂದು ಸ್ಪೀಕರಿನ ದನಿ ಏರಿಳಿಸುವ ಸೆಟ್ಟಿಂಗ್) ಸರಿಹೋಗುತ್ತದೆ. ಹಾಗಾದರೆ ತೆಳು ವೈರಿಗೂ ಲೆವೆಲ್ ಏರಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಆಗದು. ಸ್ಪೀಕರಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಓಮ್ ಇಳಿದ ಕಡೆ ವೈರ್ ಹೆಚ್ಚು ತಿನ್ನುತ್ತದೆ, ಏರಿದ ಕಡೆ ಕಡಿಮೆ. ಸ್ವರಗಳ ತೂಕವೇ ಏರುಪೇರಾಗುತ್ತದೆ, ಲೆವೆಲ್ ಏರಿಸಿದರೆ ಎಲ್ಲವೂ ಒಟ್ಟಿಗೆ ಏರುತ್ತವೆ ಅಷ್ಟೆ. ಎಡಬಲದ ವೈರುಗಳು ಒಂದೇ ಉದ್ದ ಇರಬೇಕೆಂದು ಮಾತ್ರ ತಲೆ ಕೆಡಿಸಿಕೊಳ್ಳಬೇಡಿ.

ವೈರ್ ಕೊಳ್ಳಲು ಮುಂಬೈಯ ಲೋಹಾರ್ ಚಾಲ್ ಅಥವಾ ಲ್ಯಾಮಿಂಗ್ಟನ್ ರೋಡ್ ಬಜಾರು. ಅಂಗಡಿಯಲ್ಲಿ ಮರಾಠಿಯಲ್ಲಿ ದೀಡ್, ಅಡೀಚ್ ಎಂದರೆ 1.5, 2.5 ಎಂದು ತಿಳಿಯುತ್ತದೆ. ನೋಡಬೇಕಾದ್ದು ತಾಮ್ರ ಅಸಲಿಯೋ ಎಂದು. ಅಲ್ಯುಮಿನಿಯಮ್ ಮೇಲೆ ತಾಮ್ರದ ಲೇಪ ಬಳಿದ ವೈರ್ ಸ್ಪೀಕರ್ ವೈರ್ ಹೆಸರಲ್ಲೇ ಸಿಗುತ್ತದೆ. ಪ್ರತಿರೋಧ ಸುಮಾರು ಒಂದೂವರೆ ಪಟ್ಟು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗಿದ್ದರೆ ಬೇಡ. 90 ಮೀಟರಿನ ಕಾಯಿಲ್ ಆದರೆ ಪ್ರತಿರೋಧ ಅಳೆಯುವ ಮಲ್ಟಿಮೀಟರ್ ಹಚ್ಚಿ: 1.5ರದ್ದು 1.2 ಓಮ್ ಒಳಗೆ ತೋರಿಸಬೇಕು. ಮೊದಲು ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ.

ತುದಿಯನ್ನು 10-12 ಮಿಲಿಮೀಟರ್ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ರಿಸೀವರ್ ತನ್ನನ್ನು ಕಾಪಾಡಿಕೊಳ್ಳಲು ಪ್ರೊಟೆಕ್ಟ್‌ಗೆ ಹೋಗಿ ಆಫ್ ಆಗಬಹುದು. ಸ್ಕ್ರೂ ಅಡಿ ಹೋಗುವ ತುದಿಗೆ ಸೋಲ್ಡರ್ ಬಳಿಯಬಾರದು. ಒತ್ತಡಕ್ಕೆ ಸೋಲ್ಡರ್ ನಿಧಾನವಾಗಿ ಚಪ್ಪಟೆಯಾಗಿ ಸ್ಕ್ರೂ ಸಡಿಲವಾಗುತ್ತದೆ. ಸ್ಪ್ರಿಂಗ್ ಕ್ಲಿಪ್ಪಿನ ಸಣ್ಣ ತೂತಿಗೆ 2.5 ಹಿಡಿಯದಿದ್ದರೆ ಎಳೆ ಕತ್ತರಿಸಿ ತೆಳು ಮಾಡುವ ಬದಲು ಪಿನ್ ಲಗ್ (ತೆಳು ಕಡ್ಡಿಯಂಥ ಲೋಹದ ತುದಿ) ಒತ್ತಿ ಕೂರಿಸಿ. ಫಾಲ್ಸ್ ಸೀಲಿಂಗ್ ಮೇಲೆ ಹೋಗುವಾಗ ಮೇನ್ಸ್ ವೈರಿನ ಪೈಪಿನಲ್ಲಿ ಇದನ್ನು ತೂರಿಸಬೇಡಿ; ಬೇರೆ ಪೈಪ್ ಹಾಕಿ, ಎರಡೂ ಅಡ್ಡ ಹಾಯುವಲ್ಲಿ ಲಂಬ ಕೋನದಲ್ಲಿ ಹಾಯಲಿ.

ಕಡಲ ಗಾಳಿಗೆ ಬರಿಯ ತಾಮ್ರ ಕಪ್ಪಾಗಿ, ಹಸಿರು ಹಿಡಿಯುತ್ತದೆ. ಸಡಿಲ ಅರ್ಧ ಮೀಟರ್ ಬಿಟ್ಟಿರುವುದು ಇದಕ್ಕೇ: ಮಳೆಗಾಲ ಮುಗಿದ ಮೇಲೆ ತುದಿ ಬಣ್ಣಗೆಟ್ಟಿದ್ದರೆ ಅಷ್ಟನ್ನು ಕತ್ತರಿಸಿ, ಹೊಸದಾಗಿ ಸುಲಿದು ಬಿಗಿಯುತ್ತೇನೆ.