ಬೆಳಗಾವಿಯಿಂದ ಗುಲ್ಮಾರ್ಗ್‌ಗೆ: ಟೂರಿಂಗ್ ಬೈಂಡಿಂಗ್ ನಾನೇ ಆರಿಸಿ, ನಾನೇ ಕೂರಿಸಿದ ಅನುಭವ

ಸ್ಕೀ ಟೂರಿಂಗ್ ಅಂದರೆ ಹಿಮದ ಗುಡ್ಡವನ್ನು ನಮ್ಮ ಕಾಲಬಲದಿಂದ ಹತ್ತಿ, ಅದೇ ಸ್ಕೀ ಮೇಲೆ ಇಳಿಯುವುದು. ಹತ್ತುವಾಗ ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೇಳಬೇಕು. ಇಳಿಯುವಾಗ ಅದೇ ಹಿಮ್ಮಡಿ ಸ್ಕೀಗೆ ಗಟ್ಟಿಯಾಗಿ ಹಿಡಿದಿರಬೇಕು. ಬಿದ್ದರೆ, ಕಾಲು ಮುರಿಯುವ ಮೊದಲೇ ಸ್ಕೀ ಕಳಚಿಕೊಳ್ಳಬೇಕು. ಈ ಮೂರೂ ಕೆಲಸ ಬೂಟು ಮತ್ತು ಸ್ಕೀ ನಡುವೆ ಇರುವ ಬೈಂಡಿಂಗ್‌ನದು. ಸ್ಕೀ ಎಷ್ಟೇ ಚೆನ್ನಾಗಿರಲಿ, ಬೈಂಡಿಂಗ್ ಸರಿ ಇಲ್ಲದಿದ್ದರೆ ಗುಡ್ಡ ಹತ್ತುವುದೇ ಬೇಡ ಅನ್ನುವವನು ನಾನು.

ನನ್ನ ಊರು ಬೆಳಗಾವಿ. ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಕೆಲಸ. ಚಳಿಗಾಲದಲ್ಲಿ ರಜೆ ಕೂಡಿಸಿಕೊಂಡು ಗುಲ್ಮಾರ್ಗ್‌ಗೆ ಹೋಗುತ್ತೇನೆ. ಇಲ್ಲಿಂದ ಆ ಹಿಮಕ್ಕೆ 2,000 ಕಿ.ಮೀ.ಗೂ ಜಾಸ್ತಿ ದೂರ. ಇಲ್ಲಿ ಸ್ಕೀ ಅಂಗಡಿ ಇಲ್ಲ, ಕೈಗೆತ್ತಿಕೊಂಡು ನೋಡಲು ಬೈಂಡಿಂಗ್ ಸಿಗುವುದಿಲ್ಲ, ಕೆಟ್ಟರೆ ಬಿಡಿಭಾಗವೂ ಸಿಗುವುದಿಲ್ಲ. ಹಾಗಾಗಿ ಆರಿಸುವಾಗ ತೂಕ, ಬೆಲೆ, ಹೆಸರು ಎಲ್ಲವನ್ನೂ ಆಮೇಲೆ ನೋಡಿದೆ. ಮೊದಲು ನೋಡಿದ್ದು ಎರಡೇ. ಬಿದ್ದಾಗ ಇದು ಹೇಗೆ ಬಿಡುತ್ತದೆ? ಕೆಟ್ಟರೆ ನನ್ನ ಕೈಯಲ್ಲೇ ರಿಪೇರಿ ಆಗುತ್ತದಾ?

ಬೈಂಡಿಂಗ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಫ್ರೇಮ್ ಬೈಂಡಿಂಗ್‌ನಲ್ಲಿ ಬೂಟು ಒಂದು ಚೌಕಟ್ಟಿನ ಮೇಲೆ ಕೂತಿರುತ್ತದೆ, ಹತ್ತುವಾಗ ಇಡೀ ಚೌಕಟ್ಟು ಕಾಲಿನ ಜೊತೆ ಏಳುತ್ತದೆ. ಗಟ್ಟಿಮುಟ್ಟು, ಸಾಮಾನ್ಯ ಸ್ಕೀ ಬೂಟಿಗೂ ಹೊಂದುತ್ತದೆ. ಆದರೆ ಒಂದೊಂದು ಕಾಲಿಗೆ ಒಂದು ಕಿಲೋಗೂ ಜಾಸ್ತಿ ಭಾರ, ಅದನ್ನು ಹೆಜ್ಜೆ ಹೆಜ್ಜೆಗೂ ಎತ್ತಬೇಕು. ಎರಡನೆಯದು ಪಿನ್ ಬೈಂಡಿಂಗ್. ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ 1980ರ ದಶಕದಲ್ಲಿ ಇದನ್ನು ರೂಪಿಸಿದರು, ಡೈನಾಫಿಟ್ ಕಂಪನಿ ಮಾರುಕಟ್ಟೆಗೆ ತಂದಿತು. ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳೂ ಇದನ್ನೇ ಮಾಡತೊಡಗಿದವು. ಮೂರನೆಯದು ಹೈಬ್ರಿಡ್: ಹತ್ತುವಾಗ ಪಿನ್, ಇಳಿಯುವಾಗ ಸಾಮಾನ್ಯ ಬೈಂಡಿಂಗ್‌ನಂತೆ ಹಿಡಿತ. 2018ರಲ್ಲಿ ಬಂದ ಸಾಲೊಮನ್ ಶಿಫ್ಟ್ ಈ ಜಾತಿಯದು.

ನಾನು ಪಿನ್ ಬೈಂಡಿಂಗ್ ಆರಿಸಿದೆ. ಅದರ ಸರಳತನ ನನಗೆ ತುಂಬಾ ಇಷ್ಟ. ಮುಂಭಾಗದಲ್ಲಿ ಎರಡು ರೆಕ್ಕೆ, ಎರಡರಲ್ಲೂ ಒಂದೊಂದು ಉಕ್ಕಿನ ಪಿನ್, ಅವುಗಳನ್ನು ಒತ್ತುವ ಸ್ಪ್ರಿಂಗ್. ಬೂಟಿನ ಮೂತಿಯ ಎರಡು ಬದಿಗೂ ಉಕ್ಕಿನ ಕುಳಿ ಇರುತ್ತದೆ. ಬೂಟನ್ನು ಒತ್ತಿದರೆ ರೆಕ್ಕೆಗಳು ಮುಚ್ಚಿಕೊಂಡು ಪಿನ್‌ಗಳು ಕುಳಿಯಲ್ಲಿ ಕೂರುತ್ತವೆ. ಶಾಪ್‌ನಲ್ಲಿ ತೋರಿಸಿದಾಗ ನಮ್ಮ ಫಿಟ್ಟರ್ ಕಾಕಾ ಒಂದೇ ನೋಟಕ್ಕೆ ಹಿಡಿದರು. "ಇದು ನಮ್ಮ ಟಾಗಲ್ ಕ್ಲ್ಯಾಂಪ್ ಇದ್ದಂಗ ಐತಲ್ಲೋ. ನಡುಗೆರಿ ದಾಟಿತಂದ್ರ ತಾನ ಹಿಡೀತೈತಿ." ಅಷ್ಟೇ ವಿಷಯ. ಹಿಂಭಾಗದಲ್ಲಿ ಎರಡು ಪಿನ್ ಇರುವ ತಿರುಗುವ ಗೋಪುರ. ಅದನ್ನು ತಿರುಗಿಸಿದರೆ ಹಿಮ್ಮಡಿ ಬಿಡುಗಡೆ, ಹತ್ತಬಹುದು. ಮತ್ತೆ ನೇರ ಮಾಡಿ ಹಿಮ್ಮಡಿ ತುಳಿದರೆ ಇಳಿಯಲು ಸಿದ್ಧ.

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದಿರಬೇಕು. ಈ ಹಳೆಯ ವಿನ್ಯಾಸದಲ್ಲಿ ಪಕ್ಕಕ್ಕೆ ಬಿಡುವ ಕೆಲಸವೂ ಮೇಲಕ್ಕೆ ಬಿಡುವ ಕೆಲಸವೂ ಹಿಂಭಾಗದ್ದೇ. ಮುಂಭಾಗದ ಲಿವರ್ ಇರುವುದು ಹತ್ತುವಾಗ ಲಾಕ್ ಮಾಡಲು. ಲಾಕ್ ಆಗಿರುವಾಗ ಬೈಂಡಿಂಗ್ ಬಿಡುವುದಿಲ್ಲ ಎಂದೇ ತಿಳಿಯಬೇಕು. ಇಳಿಯುವ ಮೊದಲು ಅದನ್ನು ತೆಗೆದಿದ್ದೇವಾ ಎಂದು ನೋಡುವುದು ಕಾರಿನ ಬ್ರೇಕ್ ನೋಡುವಷ್ಟೇ ಮುಖ್ಯ. ಕೆಲವು ಹೊಸ ಮಾದರಿಗಳಲ್ಲಿ, ಉದಾಹರಣೆಗೆ ಫ್ರಿಟ್ಚಿಯ ಟೆಕ್ಟನ್‌ನಲ್ಲಿ, ಪಕ್ಕದ ಬಿಡುಗಡೆ ಮುಂಭಾಗದಲ್ಲೇ ಇದೆ. ಒಳ್ಳೆಯ ಯೋಚನೆಯೇ. ಆದರೆ ಒಳಗೆ ಭಾಗಗಳು ಜಾಸ್ತಿ. ನನ್ನ ಎರಡನೇ ಪ್ರಶ್ನೆಗೆ ಅದು ಹೊಂದಲಿಲ್ಲ.

ತೂಕದ ವಿಷಯದಲ್ಲಿ ನಾನು ಮಧ್ಯದ ದಾರಿ ಹಿಡಿದೆ. ರೇಸ್ ಬೈಂಡಿಂಗ್‌ಗಳು 150 ಗ್ರಾಂನ ಆಸುಪಾಸಿನಲ್ಲೂ ಸಿಗುತ್ತವೆ. ಅವುಗಳಲ್ಲಿ ಕಳಚಿದ ಸ್ಕೀ ಜಾರಿ ಹೋಗದಂತೆ ತಡೆಯುವ ಬ್ರೇಕ್ ಇರುವುದಿಲ್ಲ, ಎಷ್ಟೋ ಮಾದರಿಗಳಲ್ಲಿ ಬಿಡುಗಡೆಯ ಬಿಗಿ, ಅಂದರೆ ಎಷ್ಟು ಬಲ ಬಿದ್ದರೆ ಬೂಟು ಬಿಡಬೇಕು ಎಂಬುದನ್ನು ಹೊಂದಿಸುವ ಸ್ಕ್ರೂ ಕೂಡ ಇರುವುದಿಲ್ಲ. ಗುಲ್ಮಾರ್ಗ್‌ನಲ್ಲಿ ಗೊಂಡೋಲಾ, ಅಂದರೆ ಕೇಬಲ್ ಕಾರ್ ಇದೆ. 2,650 ಮೀಟರ್‌ನಿಂದ ನಡುವಿನ ನಿಲ್ದಾಣ ಕೊಂಗ್ಡೂರಿಗೆ, ಅಲ್ಲಿಂದ ಅಫರ್ವತ್ ಬೆಟ್ಟದಲ್ಲಿ 3,900 ಮೀಟರ್‌ಗೂ ಮೇಲಕ್ಕೆ ಅದೇ ಒಯ್ಯುತ್ತದೆ. ನಾವು ಸ್ಕೀ ತಳಕ್ಕೆ ಸ್ಕಿನ್ (ಹಿಂದೆ ಜಾರದಂತೆ ಹಿಡಿಯುವ ಪಟ್ಟಿ) ಹಾಕಿ ನಡೆಯುವುದು ಅದರಾಚೆಯ ಏಣುಗಳಿಗೆ. ಅಂದರೆ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ. ಅಂಥ ಕಡೆ ಬ್ರೇಕ್ ಇರುವ, ಪಕ್ಕಕ್ಕೂ ಮೇಲಕ್ಕೂ ಬಿಗಿ ಬೇರೆ ಬೇರೆ ಹೊಂದಿಸಬಹುದಾದ, ಅರ್ಧ ಕಿಲೋ ಆಸುಪಾಸಿನ ಬೈಂಡಿಂಗ್ ಸಾಕು. ಹಿಮಾಲಯದ ದೂರದ ಶಿಖರಗಳಿಗೆ ದಿನಗಟ್ಟಲೆ ನಡೆಯುವವರ ಲೆಕ್ಕ ಬೇರೆ. ಅವರು ಹಗುರವಾದದ್ದನ್ನೇ ನೋಡಲಿ.

ಬೈಂಡಿಂಗ್‌ಗೆ ಮೊದಲು ಬೂಟು ಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಪಿನ್ ಕೂರುವ ಕುಳಿ ಬೂಟಿನಲ್ಲೇ ಇರಬೇಕು, ಎಲ್ಲ ಸ್ಕೀ ಬೂಟಿನಲ್ಲೂ ಇರುವುದಿಲ್ಲ. ಬೂಟಿನ ತಳದ ಉದ್ದ ಮಿಲಿಮೀಟರ್‌ನಲ್ಲಿ ಹಿಮ್ಮಡಿಯ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಆ ಸಂಖ್ಯೆ ಇಲ್ಲದೆ ತೂತು ಎಲ್ಲಿ ಕೊರೆಯಬೇಕು ಅಂತ ಗೊತ್ತಾಗುವುದಿಲ್ಲ, ಬಿಡುಗಡೆಯ ಬಿಗಿ ಎಷ್ಟು ಅಂತಲೂ ಗೊತ್ತಾಗುವುದಿಲ್ಲ. ಬಿಗಿಯ ಪಟ್ಟಿಯಲ್ಲಿ ನಮ್ಮ ತೂಕ, ಎತ್ತರ, ವಯಸ್ಸು, ಸ್ಕೀ ಮಾಡುವ ರೀತಿ, ತಳದ ಉದ್ದ ಇಷ್ಟೂ ಬೇಕು. ಗೆಳೆಯನ ಬೈಂಡಿಂಗ್‌ನ ಸಂಖ್ಯೆ ನೋಡಿ ನಮ್ಮದನ್ನೂ ಅಷ್ಟಕ್ಕೆ ತಿರುಗಿಸುವುದು ಮಾತ್ರ ಬೇಡ.

ಇನ್ನು ಕೂರಿಸುವ ಕೆಲಸ. ಲೋಹ ಕೊರೆದು ಅಭ್ಯಾಸ ಇಲ್ಲದವರು ಇದನ್ನು ಬಲ್ಲ ಟೆಕ್ನಿಷಿಯನ್ ಕೈಗೇ ಕೊಡಿ. ನನಗೆ ಅದು ದಿನದ ಕೆಲಸ, ಆದ್ದರಿಂದ ಶಾಪ್‌ನಲ್ಲೇ ಮಾಡಿದೆ. ಬೈಂಡಿಂಗ್‌ನ ತೂತುಗಳ ಅಂತರವನ್ನು ವರ್ನಿಯರ್‌ನಲ್ಲಿ ಅಳೆದು, ಅಲ್ಯೂಮಿನಿಯಂ ಪ್ಲೇಟಿನಲ್ಲಿ ಗಟ್ಟಿ ಬುಷ್ ಕೂರಿಸಿ ಒಂದು ಜಿಗ್, ಅಂದರೆ ಡ್ರಿಲ್ ಸರಿಯಾದ ಜಾಗಕ್ಕೇ ಇಳಿಯುವಂತೆ ಮಾಡುವ ಅಚ್ಚು, ಮಾಡಿಕೊಂಡೆ. ಕಾಗದದ ಟೆಂಪ್ಲೇಟ್ ಇಳಿಸಿಕೊಂಡು ಮಾಡುವವರೂ ಇದ್ದಾರೆ. ಆದರೆ ಪ್ರಿಂಟರ್ ಅಳತೆಯನ್ನು ಕೊಂಚ ಕುಗ್ಗಿಸಬಹುದು, ಸ್ಕೇಲ್ ಇಟ್ಟು ನೋಡದೆ ನಂಬಬೇಡಿ. ಸ್ಕೀಯ ಅಗಲದ ನಡುಗೆರೆ ಎಳೆದೆ. ಬೂಟಿನ ತಳದ ಮಧ್ಯದ ಗುರುತನ್ನು ಸ್ಕೀ ಮೇಲೆ ಕಂಪನಿ ಹಾಕಿದ ಗೆರೆಗೆ ಸೇರಿಸಿದೆ.

ಡ್ರಿಲ್ ಬಿಟ್ ವಿಷಯ ಚಿಕ್ಕದಾಗಿ ಕಾಣುತ್ತದೆ, ಆದರೆ ಸ್ಕೀ ಉಳಿಯುವುದು ಕೆಡುವುದು ಅದರ ಮೇಲೆಯೇ. ಒಳಗೆ ಲೋಹದ ಹಾಳೆ ಇಲ್ಲದ ಸ್ಕೀಗೆ ಸಾಮಾನ್ಯವಾಗಿ 3.6 ಮಿ.ಮೀ. ಬಿಟ್, ಲೋಹದ ಹಾಳೆ ಇದ್ದರೆ 4.1 ಮಿ.ಮೀ. ಎಷ್ಟು ಅಂತ ಸ್ಕೀ ಮೇಲೆಯೇ ಬರೆದಿರುತ್ತದೆ. ಆಳ 9 ಮಿ.ಮೀ. ಅದಕ್ಕೆ ಬಿಟ್‌ಗೆ ಸ್ಟಾಪರ್ ಕಾಲರ್ ಹಾಕಲೇಬೇಕು, ಇಲ್ಲದಿದ್ದರೆ ತಳದಿಂದ ಆಚೆ ಬರುತ್ತದೆ. ಮೊದಲು ಒಂದು ಸಾಗವಾನಿ ತುಂಡಿನ ಮೇಲೆ ಕೊರೆದು ಬೈಂಡಿಂಗ್ ಇಟ್ಟು ನೋಡಿದೆ. ಆಮೇಲೆ ಸೆಂಟರ್ ಪಂಚ್, ಆಮೇಲೆ ಡ್ರಿಲ್. ಲೋಹದ ಹಾಳೆ ಇದ್ದರೆ ತೂತಿಗೆ ಟ್ಯಾಪ್ ಹೊಡೆಯಬೇಕು, ಅಂದರೆ ಸ್ಕ್ರೂ ಕೂರಲು ಒಳಗೆ ಥ್ರೆಡ್ ಕೊರೆಯಬೇಕು. ತೂತಿನೊಳಗೆ ನೀರು ತಡೆಯುವ ಮರದ ಅಂಟು ಒಂದು ಹನಿ. ಸ್ಕ್ರೂ ತಲೆ ಸಾಮಾನ್ಯ ಪ್ಲಸ್ ಅಲ್ಲ, ಪೊಜಿಡ್ರೈವ್ 3ನೇ ನಂಬರ್. ನಮ್ಮಲ್ಲಿ ಎಲ್ಲರ ಬಳಿ ಇರುವ ಪ್ಲಸ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆಯುತ್ತದೆ. ಕೊನೆಯ ಸುತ್ತುಗಳು ಕೈಯಲ್ಲೇ. ಬೈಂಡಿಂಗ್ ಸ್ಕೀಗೆ ಅಂಟಿ ನಿಂತಾಗ ಕೈಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು.

ಕೂರಿಸಿದ ಮೇಲೆ ಎರಡು ಪರೀಕ್ಷೆ. ಬೂಟನ್ನು ಮುಂಭಾಗದಲ್ಲಿ ಹಾಕಿ ಹಿಮ್ಮಡಿ ಇಳಿಸಿದಾಗ, ಹಿಂದಿನ ಎರಡೂ ಪಿನ್ ಬೂಟಿನ ಸೀಳಿಗೆ ನೇರವಾಗಿ, ಒಂದು ಬದಿಗೆ ವಾಲದೆ ಹೋಗಬೇಕು. ಎರಡನೆಯದು ಹಿಮ್ಮಡಿಗೂ ಗೋಪುರಕ್ಕೂ ನಡುವಿನ ಸಂದು. ಕೆಲವು ಮಾದರಿಗೆ 4 ಮಿ.ಮೀ., ಕೆಲವಕ್ಕೆ 5.5 ಮಿ.ಮೀ., ಇನ್ನು ಕೆಲವಕ್ಕೆ ಸಂದೇ ಇರಬಾರದು. ಸ್ಕೀ ಬಾಗಿದಾಗ ಬೂಟು ಗೋಪುರಕ್ಕೆ ಗುದ್ದಬಾರದು ಅಂತ ಈ ಸಂದು. ನಿಮ್ಮ ಮಾದರಿಯ ಪುಸ್ತಕದಲ್ಲಿ ಏನಿದೆಯೋ ಅದೇ ಸರಿ.

ಬ್ರೇಕ್‌ನ ಅಗಲ ಸ್ಕೀಯ ನಡುವಿನ ಅಗಲಕ್ಕೆ ಸರಿಯಾಗಿ ಅಥವಾ 10-15 ಮಿ.ಮೀ. ಜಾಸ್ತಿ ಇರಲಿ. ಬ್ರೇಕ್ ಬದಲು ಹಗ್ಗ ಕಟ್ಟಿಕೊಳ್ಳುವವರಿದ್ದಾರೆ. ಹಿಮಕುಸಿತದಲ್ಲಿ ಸಿಕ್ಕಿದರೆ ಕಾಲಿಗೆ ಕಟ್ಟಿದ ಸ್ಕೀ ಕೆಳಗೆ ಎಳೆಯುತ್ತದೆ, ಆದ್ದರಿಂದ ಗುಲ್ಮಾರ್ಗ್‌ಗೆ ನಾನು ಅದನ್ನು ಒಪ್ಪುವುದಿಲ್ಲ.

ಸ್ಕಿನ್ ಅಂದರೆ ಹತ್ತುವಾಗ ಸ್ಕೀ ತಳಕ್ಕೆ ಅಂಟಿಸುವ ರೋಮದ ಪಟ್ಟಿ. ಮುಂದೆ ಜಾರುತ್ತದೆ, ಹಿಂದೆ ಹಿಡಿಯುತ್ತದೆ. ನೈಲಾನ್ ಗಟ್ಟಿ ಹಿಡಿಯುತ್ತದೆ, ಬಾಳಿಕೆ ಜಾಸ್ತಿ. ಮೊಹೇರ್ ಚೆನ್ನಾಗಿ ಜಾರುತ್ತದೆ, ಹಗುರ. ಎರಡೂ ಬೆರೆತದ್ದು ನನಗೆ ಹಿತ. ಕತ್ತರಿಸುವಾಗ ಎರಡು ಬದಿಯ ಉಕ್ಕಿನ ಅಂಚು ಬಿಟ್ಟು ಕತ್ತರಿಸಬೇಕು, ಅಂಚು ಮುಚ್ಚಿದರೆ ಗಟ್ಟಿ ಹಿಮದಲ್ಲಿ ಹಿಡಿತ ಇರುವುದಿಲ್ಲ. ಹಿಮಕ್ಕೆ ಕಚ್ಚುವ ಲೋಹದ ಹಲ್ಲುಗಳಿರುವ ಸ್ಕೀ ಕ್ರ್ಯಾಂಪಾನ್ ಕೂಡ ಒಯ್ಯಿರಿ, ಬೆಳಿಗ್ಗೆ ಗಟ್ಟಿಯಾದ ಹಿಮಕ್ಕೆ ಬೇಕು. ಅದು ನಿಮ್ಮ ಬೈಂಡಿಂಗ್‌ನಲ್ಲಿ ಅದನ್ನು ಸಿಕ್ಕಿಸುವ ಜಾಗಕ್ಕೆ ಮತ್ತು ಸ್ಕೀ ಅಗಲಕ್ಕೆ ಎರಡಕ್ಕೂ ಹೊಂದಬೇಕು. ಹಿಮ್ಮಡಿಯ ಏರುಗೋಲು (ಕಡಿದು ಹತ್ತುವಾಗ ಹಿಮ್ಮಡಿಗೆ ಕೆಳಗಿನಿಂದ ಕೊಡುವ ಆಸರೆ) ಎತ್ತಿದಷ್ಟೂ ಹೆಚ್ಚಿನ ಮಾದರಿಗಳಲ್ಲಿ ಕ್ರ್ಯಾಂಪಾನ್ ಹಿಮಕ್ಕೆ ಕಡಿಮೆ ಇಳಿಯುತ್ತದೆ, ಹಾಗಾಗಿ ಕಡಿದಾದ ಗಟ್ಟಿ ಜಾಗದಲ್ಲಿ ಏರುಗೋಲು ಇಳಿಸಿಯೇ ನಡೆಯುವುದು ಒಳ್ಳೆಯದು.

ಹಿಮಕುಸಿತದ ಸಾಮಾನು ಬಿಟ್ಟು ಉಳಿದದ್ದೆಲ್ಲ ಎರಡನೇ ಸಾಲು. 457 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುವ, ಮೂರು ಆಂಟೆನಾ ಇರುವ ಟ್ರಾನ್ಸ್‌ಸೀವರ್ (ಹೂತುಹೋದವರನ್ನು ಸಿಗ್ನಲ್‌ನಿಂದ ಹುಡುಕುವ ಸಾಧನ), ಹಿಮದೊಳಗೆ ಚುಚ್ಚಿ ನೋಡಲು 240 ಸೆಂ.ಮೀ. ಅಥವಾ ಇನ್ನೂ ಉದ್ದದ ಪ್ರೋಬ್ ಕೋಲು, ಲೋಹದ ಸಲಿಕೆ. ಹಿಮದಡಿ ಸಿಕ್ಕವರು ಹೆಚ್ಚಾಗಿ ಬದುಕುವುದು ಮೊದಲ 10-15 ನಿಮಿಷದಲ್ಲಿ ಜೊತೆಯವರು ತೆಗೆದರೆ. ಆದ್ದರಿಂದ ಹುಡುಕುವುದನ್ನು ಕಲಿಯಲೇಬೇಕು, ಅದಕ್ಕೆ ಹಿಮ ಬೇಕೆಂದೇನಿಲ್ಲ. ನಾನೂ ನನ್ನ ತಮ್ಮನೂ ಕಬ್ಬು ಕಟಾವಾದ ಹೊಲದಲ್ಲಿ ಅಭ್ಯಾಸ ಮಾಡುತ್ತೇವೆ. ಒಬ್ಬರು ಟ್ರಾನ್ಸ್‌ಸೀವರ್ ಅನ್ನು ಚೀಲದಲ್ಲಿ ಹಾಕಿ ರವದಿ ಕೆಳಗೆ ಹೂಳುತ್ತೇವೆ, ಇನ್ನೊಬ್ಬರು ಗಡಿಯಾರ ಹಿಡಿದು ಹುಡುಕುವುದು. ಮೊಬೈಲ್ ಹತ್ತಿರ ಇದ್ದರೆ ಸಿಗ್ನಲ್ ಕೆಡುತ್ತದೆ, ಹುಡುಕುವಾಗ ಕನಿಷ್ಠ 50 ಸೆಂ.ಮೀ. ದೂರ ಇರಲಿ ಎಂಬುದು ಅಲ್ಲೇ ಕಣ್ಣಿಗೆ ಕಂಡಿತು.

ಬೆನ್ನಚೀಲದಲ್ಲಿ ಒಂದು ಪುಟ್ಟ ರಿಪೇರಿ ಪೊಟ್ಟಣ ಯಾವಾಗಲೂ ಇರುತ್ತದೆ. ಪೊಜಿಡ್ರೈವ್ ಬಿಟ್ ಮತ್ತು ಹಿಡಿ, ಎರಡು ಅಳತೆಯ ಬಿಡಿ ಸ್ಕ್ರೂ, ಉಕ್ಕಿನ ನಾರು, ಎಪಾಕ್ಸಿ, ತಂತಿ, ರಬ್ಬರಿನಂಥ ವೊಯ್ಲೆ ಪಟ್ಟಿ. ತೂತು ಸಡಿಲವಾದರೆ ಉಕ್ಕಿನ ನಾರು ತುರುಕಿ ಎಪಾಕ್ಸಿ ಹಾಕಿ ಸ್ಕ್ರೂ ತಿರುಗಿಸಿದರೆ ಮನೆ ಮುಟ್ಟಬಹುದು. ಒಂದು ಮೊನೆಯ ಕಡ್ಡಿಯೂ ಬೇಕು. ಮುಂಭಾಗದ ರೆಕ್ಕೆಗಳ ಕೆಳಗೆ ಹಿಮ ತುಳಿತಕ್ಕೆ ಸಿಕ್ಕಿ ಐಸ್ ಆಗುತ್ತದೆ, ಆಗ ರೆಕ್ಕೆ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದಂತೆ ಕಂಡು, ಮೊದಲ ತಿರುವಿನಲ್ಲೇ ಬಿಡುತ್ತದೆ. ಪ್ರತಿ ಸಲ ಕೆರೆದು, ಬೂಟು ಹಾಕಿ, ಹಿಮ್ಮಡಿಯನ್ನು ಮೇಲೆ ಕೆಳಗೆ ಕೆಲವು ಸಲ ಆಡಿಸಿ ಪಿನ್ ಕುಳಿಯಲ್ಲಿ ಸರಿಯಾಗಿ ಕೂತಿದೆಯಾ ನೋಡಬೇಕು.

ಸಾಮಾನು ಜಾಸ್ತಿ ದಿನ ಇರುವುದು ಹಿಮದಲ್ಲಲ್ಲ, ಬೆಳಗಾವಿಯ ಮನೆಯಲ್ಲಿ. ನಮ್ಮ ಮಳೆಗಾಲದ ತೇವಕ್ಕೆ ಸ್ಕೀಯ ಉಕ್ಕಿನ ಅಂಚು ಬೇಗ ತುಕ್ಕು ಹಿಡಿಯುತ್ತದೆ. ಊರಿಗೆ ಬಂದ ತಕ್ಷಣ ಒರೆಸಿ, ಅಂಚಿಗೂ ತಳಕ್ಕೂ ದಪ್ಪ ಮೇಣ ಬಳಿದು ಇಡುತ್ತೇನೆ. ಸ್ಕಿನ್‌ನ ಅಂಟಿಗೆ ಏಪ್ರಿಲ್-ಮೇ ಬಿಸಿಲಿನ ಕಾವು ಆಗದು. ಅಟ್ಟದ ಮೇಲೆ ಇಡಬೇಡಿ. ಪೂರ್ತಿ ಒಣಗಿಸಿ, ಅಂಟಿನ ಮೇಲೆ ಜಾಳಿ ಹಾಕಿ, ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ತಂಪಾದ ಕೋಣೆಯ ಕೆಳಗಿನ ಕಪಾಟಿನಲ್ಲಿಡಿ. ಟ್ರಾನ್ಸ್‌ಸೀವರ್‌ನ ಬ್ಯಾಟರಿ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸಂಪರ್ಕದ ತಗಡು ಕೆಡುತ್ತದೆ.