ಕಸೂತಿಯ ದಡಿ, ಯುಗಾದಿಯ ಕಾರ್ಡು

ಕಾರ್ಡಿಗೆ ಹಾಕುವ ಡಿಜಿಟಲ್ ಫ್ರೇಮುಗಳು ಇಂಟರ್ನೆಟ್ಟಿನಲ್ಲಿ ರಾಶಿ ರಾಶಿ ಸಿಗುತ್ತವೆ. ಗುಲಾಬಿ ಬಳ್ಳಿ, ಚಿನ್ನದ ಸುರುಳಿ, ಹಿಮದ ಹರಳು. ಯುಗಾದಿಗೆ ಮನೆಯಲ್ಲೇ ಕಾರ್ಡು ಮಾಡಬೇಕು ಅಂತ ಕೂತಾಗ ಇವು ಯಾವುವೂ ನನಗೆ ಹಿಡಿಸಲಿಲ್ಲ. ನಮ್ಮದು ಧಾರವಾಡ. ಇಲ್ಲಿ ಹಳೇ ಟ್ರಂಕು ತೆಗೆದರೆ ಕಸೂತಿ ಹಾಕಿದ ಇಳಕಲ್ ಸೀರೆ ಒಂದಾದರೂ ಸಿಗುತ್ತದೆ. ಅದಕ್ಕಿಂತ ಚಂದದ ದಡಿ ಇನ್ನೆಲ್ಲಿ ಹುಡುಕುವುದು? ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆಯ ಸೆರಗನ್ನು ಕಿಟಕಿ ಬೆಳಕಿನಲ್ಲಿ ಹರಡಿ, ಫೋಟೋ ತೆಗೆದು, ಅಲ್ಲಿಂದಲೇ ಶುರು ಮಾಡಿದೆ.

ಕಸೂತಿಯನ್ನು ಕಂಪ್ಯೂಟರಿಗೆ ತರುವುದು ಅಷ್ಟು ಕಷ್ಟವಲ್ಲ. ಯಾಕೆಂದರೆ ಅದು ಮೊದಲಿಂದಲೂ ಲೆಕ್ಕದ ಕೆಲಸ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡು ಹಾಕುವುದಲ್ಲ, ನೂಲಿನ ಎಳೆ ಎಣಿಸಿ ಎಣಿಸಿ ಹಾಕುವುದು. ಎಳೆಯ ಬದಲು ಪಿಕ್ಸೆಲ್, ಅಂದರೆ ಪರದೆಯ ಚಿತ್ರದ ಪುಟ್ಟ ಚೌಕ, ಎಣಿಸಿದರೆ ಆಯಿತು. ಆದರೆ ಯಾವ ಹೊಲಿಗೆ ಅಂತ ಮೊದಲು ನೋಡಿಕೊಳ್ಳಬೇಕು. ಮೆಂತೆ ಹೊಲಿಗೆ ಅಂದರೆ ಅಡ್ಡ ದಾಟಿದ ಹೊಲಿಗೆ, ಒಂದೊಂದೂ ಒಂದು ಚೌಕ ತುಂಬುತ್ತದೆ. ಇದನ್ನು ಪಿಕ್ಸೆಲ್‌ನಲ್ಲಿ ಹಾಗೇ ತುಂಬಬಹುದು. ಗವಂತಿ, ಮುರ್ಗಿ ಅನ್ನುವ ಹೊಲಿಗೆಗಳು ಹಾಗಲ್ಲ. ಅವು ಚೌಕದ ಗೆರೆಯ ಮೇಲೆ ಓಡುತ್ತವೆ, ಗವಂತಿಯಲ್ಲಿ ಓರೆ ಗೆರೆಯೂ ಬರುತ್ತದೆ. ಅದನ್ನು ಪಿಕ್ಸೆಲ್‌ನಲ್ಲಿ ಹಾಕಿದರೆ ಓರೆ ಗೆರೆ ಮೆಟ್ಟಿಲಾಗಿ ಕಾಣುತ್ತದೆ. ಗವಂತಿ ಮಾದರಿಗೆ ನಾನು ಗೆರೆಯ ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ತೆರೆಯುತ್ತೇನೆ. ಗ್ರಿಡ್ ಹಾಕಿ ಸ್ನ್ಯಾಪ್ ಆನ್ ಮಾಡಿದರೆ ಗೆರೆ ಮೂಲೆಯಿಂದ ಮೂಲೆಗೆ ಸರಿಯಾಗಿ ಕೂರುತ್ತದೆ. ತುಂಬಿದ ಮಾದರಿಗೆ ಪಿಕ್ಸೆಲ್ ಚಿತ್ರ ಮಾಡುವ ಗಿಂಪ್. ಎರಡೂ ಉಚಿತ.

ಯುಗಾದಿ ಕಾರ್ಡಿಗೆ ಆರಿಸಿಕೊಂಡದ್ದು ಗೋಪುರ. ಗಿಂಪ್‌ನಲ್ಲಿ ಹತ್ತಕ್ಕೆ ಹತ್ತು ಪಿಕ್ಸೆಲ್‌ನ ಪುಟ್ಟ ಚಿತ್ರ ತೆರೆದೆ. ಬ್ರಷ್ ಬೇಡ, ಅದರ ಅಂಚು ಮಸುಕಾಗುತ್ತದೆ. ಪೆನ್ಸಿಲ್ ಟೂಲ್, ಅಳತೆ 1. ತೀರಾ ಕೆಳಗಿನ ಸಾಲಿನಲ್ಲಿ ಹತ್ತೂ ಚೌಕ ತುಂಬಿದೆ, ಅದು ಗೆರೆ. ಅದರ ಮೇಲೆ ಒಂದು ಸಾಲು ಖಾಲಿ. ಆಮೇಲೆ ಒಂಬತ್ತು, ಏಳು, ಐದು, ಮೂರು, ಒಂದು. ತುದಿಯಲ್ಲಿ ಇನ್ನೂ ಒಂದು ಚೌಕ ಸೇರಿಸಿದರೆ ಕಳಸ. ಒಂಬತ್ತು ಬೆಸ ಸಂಖ್ಯೆ ಆದ್ದರಿಂದ ಕಳಸ ಸರಿಯಾಗಿ ನಡುವಿಗೆ ಬರುತ್ತದೆ. ಉಳಿದ ಹತ್ತನೇ ಚೌಕದ ಸಾಲು ಪಕ್ಕದ ಗೋಪುರಕ್ಕೂ ಇದಕ್ಕೂ ನಡುವಿನ ಜಾಗ. ಕೆಳಗಿನ ಗೆರೆ ಮಾತ್ರ ಎಲ್ಲೂ ಮುರಿಯದೆ ಓಡುತ್ತದೆ. ದಡಿಗೆ ದಡಿಯ ಲಕ್ಷಣ ಬರುವುದು ಆ ಗೆರೆಯಿಂದಲೇ.

ಇನ್ನು ಲೆಕ್ಕ. ಕಾರ್ಡು 5 ಇಂಚು ಅಗಲ, 7 ಇಂಚು ಎತ್ತರ. ಪ್ರಿಂಟಿಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇಟ್ಟರೆ 1500 ಮತ್ತು 2100 ಪಿಕ್ಸೆಲ್. ನಾಲ್ಕೂ ಕಡೆ 100 ಪಿಕ್ಸೆಲ್ ಅಂಚು ಬಿಟ್ಟರೆ ದಡಿಗೆ ಸಿಗುವುದು 1300 ಮತ್ತು 1900. ಒಂದು ಚೌಕಕ್ಕೆ 10 ಪಿಕ್ಸೆಲ್ ಅಂದರೆ ಒಂದು ಗೋಪುರಕ್ಕೆ 100. ಅಡ್ಡಕ್ಕೆ 13 ತುಂಡು, ಉದ್ದಕ್ಕೆ 19. ಮೂಲೆಗಳನ್ನು ಕಳೆದರೆ 11 ಮತ್ತು 17. ಎರಡೂ ಬೆಸ! ಹಾಗಾಗಿ ಪ್ರತಿ ಬದಿಯಲ್ಲೂ ನಟ್ಟನಡುವೆ ಒಂದು ತುಂಡು ಬರುತ್ತದೆ, ಅಲ್ಲಿ ಬೇರೆ ಬಣ್ಣವನ್ನೋ ಬೇರೆ ಚಿತ್ರವನ್ನೋ ಇಡಬಹುದು. ರೆಡಿಮೇಡ್ ಫ್ರೇಮನ್ನು ಎಳೆದು ಕಾರ್ಡಿಗೆ ಹೊಂದಿಸಿದರೆ ಹೂವು ಉದ್ದಕ್ಕೆ ಜಗ್ಗಿದಂತೆ ಕಾಣುತ್ತದಲ್ವಾ? ಈ ಲೆಕ್ಕ ಮೊದಲೇ ಹಾಕಿಕೊಂಡರೆ ಎಳೆಯುವ ಮಾತೇ ಬರುವುದಿಲ್ಲ.

ದೊಡ್ಡ ಫೈಲಿನಲ್ಲಿ ಕೆಲಸ ಮಾಡಬೇಕಾಗಿಯೂ ಇಲ್ಲ. 130 ಮತ್ತು 190 ಪಿಕ್ಸೆಲ್‌ನ ಚಿಕ್ಕ ಚಿತ್ರದಲ್ಲೇ ಇಡೀ ದಡಿ ಮುಗಿಸುತ್ತೇನೆ. ಗೋಪುರವನ್ನು ಕಾಪಿ ಮಾಡಿದರೆ ಗಿಂಪ್‌ನ ಪ್ಯಾಟರ್ನ್ ಪಟ್ಟಿಯಲ್ಲಿ ಅದು ತಾನಾಗಿಯೇ ಬಂದು ಕೂತಿರುತ್ತದೆ. ಬೇಕಾದಷ್ಟು ಜಾಗ ಸೆಲೆಕ್ಟ್ ಮಾಡಿ ಬಕೆಟ್ ಟೂಲಿನಿಂದ ಸುರಿದರೆ ಸಾಲು ತುಂಬಿತು. ಎಲ್ಲ ಮುಗಿದ ಮೇಲೆ ಸ್ಕೇಲ್ ಇಮೇಜಿನಲ್ಲಿ ಹತ್ತು ಪಟ್ಟು ಹಿಗ್ಗಿಸುವುದು. ಆಗ ಇಂಟರ್‌ಪೊಲೇಶನ್ ಅಂತ ಕೇಳುವಲ್ಲಿ ‘ನನ್’ (None) ಅಂತಲೇ ಇರಬೇಕು. ಬೇರೆ ಏನಿದ್ದರೂ ಚೌಕಗಳ ಅಂಚು ಕರಗಿ, ಹೊಲಿಗೆಯ ಚೂಪು ಹೋಗಿಬಿಡುತ್ತದೆ. ಅಕ್ಷರ ಹಾಕುವುದು ಹಿಗ್ಗಿಸಿದ ಮೇಲೆಯೇ, ಮೊದಲೇ ಹಾಕಿದರೆ ಅಕ್ಷರವೂ ಚೌಕ ಚೌಕ.

ನಾನು ಹೆಚ್ಚು ಯೋಚನೆ ಮಾಡಿದ್ದು ಮೇಲಿನ ಸಾಲಿನ ಬಗ್ಗೆ. ಫ್ರೇಮು ಮಾಡುವವರು ಸಾಮಾನ್ಯವಾಗಿ ಒಂದೇ ತುಂಡನ್ನು 90 ಡಿಗ್ರಿ ತಿರುಗಿಸುತ್ತಾ ನಾಲ್ಕೂ ಕಡೆ ಇಡುತ್ತಾರೆ. ಹೂವಿಗೆ, ಬಳ್ಳಿಗೆ ಅದು ನಡೆಯುತ್ತದೆ. ಗೋಪುರಕ್ಕೆ ನಡೆಯುವುದಿಲ್ಲ. ಮೇಲಿನ ಸಾಲಿನಲ್ಲಿ ಕಳಸ ತಲೆಕೆಳಗಾಗಿ ನೇತಾಡುತ್ತದೆ. ಹಬ್ಬದ ಕಾರ್ಡಿನಲ್ಲಿ ಕಳಸ ಬೋರಲು ಬಿದ್ದಿದ್ದರೆ ನಮ್ಮ ಮನೆಯ ಹಿರಿಯರ ಕಣ್ಣಿಗೆ ಮೊದಲು ಬೀಳುವುದೇ ಅದು. ದೀಪಾವಳಿಯ ಹಣತೆಗೂ, ತುಳಸಿ ಕಟ್ಟೆಗೂ ಇದೇ ಮಾತು. ಆನೆಯಂತೂ ಪಕ್ಕದ ಸಾಲಿನಲ್ಲಿ ಗೋಡೆ ಹತ್ತುತ್ತಿರುವಂತೆ ಕಾಣುತ್ತದೆ.

ಹಾಗಾಗಿ ನಾಲ್ಕೂ ಕಡೆ ಒಂದೇ ಮಾದರಿ ಅನ್ನುವ ಪದ್ಧತಿಯನ್ನೇ ಬಿಟ್ಟೆ. ಕೆಳಗೆ ಗೋಪುರದ ಸಾಲು, ನೆಟ್ಟಗೆ. ಮೇಲೆ ಮಾವಿನೆಲೆಯ ತೋರಣ. ಎಲೆ ಇಳಿಬಿದ್ದಿರುವುದೇ ಸಹಜ, ಯುಗಾದಿಗೆ ತೋರಣ ಕಟ್ಟುವುದೂ ಉಂಟು. ಅಜ್ಜಿಯ ಸೀರೆಯಲ್ಲಿ ಇಂಥ ತೋರಣ ಇಲ್ಲ, ಅದು ನಾನು ಸೇರಿಸಿದ್ದು. ದಾರದ ಒಂದು ಸಾಲು, ಅದರ ಕೆಳಗೆ ಮೂರು, ಐದು, ಐದು, ಮೂರು, ಒಂದು ಚೌಕ. ಇಷ್ಟಕ್ಕೇ ಎಲೆ ಎದ್ದು ಕಾಣುತ್ತದೆ. ಎಡಬಲದ ಸಾಲಿಗೆ, ಯಾವ ಕಡೆಯಿಂದ ನೋಡಿದರೂ ಒಂದೇ ಆಗಿ ಕಾಣುವ ವಜ್ರಾಕೃತಿಯ ಹೂವು. ಮೂಲೆಗೆ ಎಂಟೆಸಳಿನ ನಕ್ಷತ್ರ. ಮೂಲೆಯಲ್ಲಿ ಎರಡು ಬೇರೆ ಬೇರೆ ಸಾಲು ಬಂದು ಸೇರುವುದರಿಂದ ಅಲ್ಲಿ ಎರಡಕ್ಕೂ ಸೇರದ ಮೂರನೆಯದೊಂದು ಬೇಕು. ಇಲ್ಲದಿದ್ದರೆ ಎಷ್ಟೇ ಹುಷಾರಾಗಿ ಕೂಡಿಸಿದರೂ ಅರ್ಧ ಗೋಪುರಕ್ಕೆ ಅರ್ಧ ಹೂವು ಅಂಟಿದ ಹಾಗಿರುತ್ತದೆ.

ಬಣ್ಣ ನಾಲ್ಕೇ ಸಾಕು. ಕೆಂಪು, ಹಸಿರು, ಕಿತ್ತಳೆ, ಬಿಳಿ. ಚಂದ್ರಕಾಳಿಯ ಕಪ್ಪು ನೆಲದ ಮೇಲೆ ಇವು ಉರಿಯುತ್ತವೆ, ಆದರೆ ಇಡೀ ಕಾರ್ಡು ಕಪ್ಪು ಮಾಡಿದರೆ ಇಂಕ್‌ಜೆಟ್‌ನ ಇಂಕು ಜಾಸ್ತಿ ಕುಡಿದು ಕಾಗದ ಡೊಂಕಾಗುತ್ತದೆ. ಕಪ್ಪು ಕಾಗದ ತಂದರೆ ಅದರ ಮೇಲೆ ಬಣ್ಣ ಕಾಣುವುದೇ ಇಲ್ಲ, ಮನೆಯ ಪ್ರಿಂಟರಿನಲ್ಲಿ ಬಿಳಿ ಇಂಕು ಇರುವುದಿಲ್ಲ. ಅದಕ್ಕೇ ದಡಿಯ ಹಿನ್ನೆಲೆಗೆ ಮಾತ್ರ ಒಂದು ಗೋಪುರದ ಅಗಲದ ಕಪ್ಪು ಪಟ್ಟಿ, ಒಳಗೆಲ್ಲ ಕೆನೆ ಬಣ್ಣ. ಪರದೆಯ ಮೇಲೆ ಕಾಣುವ ಕೆಂಪು ಕಾಗದಕ್ಕೆ ಇಳಿದಾಗ ಸ್ವಲ್ಪ ಮಂಕಾಗುತ್ತದೆ. ಅದೇ ಕಾಗದದ ತುಂಡಿನ ಮೇಲೆ ಬಣ್ಣಗಳನ್ನು ಪ್ರಿಂಟ್ ಮಾಡಿ ನೋಡಿಯೇ ಮುಂದುವರಿಯುವುದು ಒಳ್ಳೆಯದು.

ಅಕ್ಷರದ ವಿಷಯದಲ್ಲಿ ಕನ್ನಡಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ‘ಹೊಸ ಸಂವತ್ಸರದ ಶುಭಾಶಯಗಳು’ ಅಂತ ಬರೆದರೆ ‘ತ್ಸ’ದ ಒತ್ತು ಕೆಳಗಿಳಿಯುತ್ತದೆ. ಹೆಸರಿನಲ್ಲಿ ‘ಕೃಷ್ಣ’ ಇದ್ದರೆ ಕೇಳುವುದೇ ಬೇಡ. ಸಾಲುಗಳ ನಡುವೆ ಅಂತರ ಹೆಚ್ಚಿಸಿ, ಕೊನೆಯ ಸಾಲಿಗೂ ಗೋಪುರದ ಕಳಸಕ್ಕೂ ನಡುವೆ ಕನಿಷ್ಠ ಒಂದು ಗೋಪುರದಷ್ಟು ಖಾಲಿ ಬಿಡುತ್ತೇನೆ. ದಡಿ ತುಂಬ ಕುಸುರಿಯಾದ್ದರಿಂದ ಫಾಂಟು ಸರಳವಾಗಿರಬೇಕು. ನೋಟೋ ಸೆರಿಫ್ ಕನ್ನಡ ಚೆನ್ನಾಗಿ ಒಗ್ಗುತ್ತದೆ. ಬಲೂ ತಮ್ಮಾ ದುಂಡಗಿದೆ, ಮಕ್ಕಳ ಹುಟ್ಟುಹಬ್ಬಕ್ಕೆ ಅದು ಸರಿ.

ಪ್ರಿಂಟು ಸುಲಭ. ಎ4 ಹಾಳೆಯಲ್ಲಿ 10 ಇಂಚು ಅಗಲ, 7 ಇಂಚು ಎತ್ತರದ ಒಂದು ಮಡಿಸುವ ಕಾರ್ಡು ಆರಾಮಾಗಿ ಕೂರುತ್ತದೆ. ಮುಖಪುಟ ಬಲಗಡೆಯ ಅರ್ಧದಲ್ಲಿ. ‘ಫಿಟ್ ಟು ಪೇಜ್’ ತೆಗೆದು ನೂರು ಪರ್ಸೆಂಟ್ ಇಡಬೇಕು. ಕಾಗದ 250 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವುದು, ತೆಗೆದುಕೊಂಡೆ. ನಿಮ್ಮ ಪ್ರಿಂಟರು ಎಷ್ಟು ದಪ್ಪ ತೆಗೆದುಕೊಳ್ಳುತ್ತದೆ ಅಂತ ಮೊದಲು ನೋಡಿಕೊಳ್ಳಿ. ಮಡಿಸುವ ಮುಂಚೆ ಸ್ಕೇಲು ಇಟ್ಟು ಇಂಕು ಖಾಲಿಯಾದ ಬಾಲ್‌ಪೆನ್ನಿನಿಂದ ಒಂದು ಗೆರೆ ಒತ್ತಿದರೆ ಮಡಿಕೆ ಸೀಳುವುದಿಲ್ಲ. ಮಡಿಕೆಯ ಮೇಲೆ ಬಣ್ಣ ಬರದಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಕಾರ್ಡಿನ ಹಿಂದೆ ಸಣ್ಣದಾಗಿ ‘ಧಾರವಾಡದ ಕಸೂತಿ ನೋಡಿ ಬರೆದ ಗೋಪುರ’ ಅಂತ ಹಾಕುತ್ತೇನೆ. ಇದು ಪ್ರಿಂಟು, ಕಸೂತಿ ಅಲ್ಲ. ಗಂಟು ಕಾಣದ ಹಾಗೆ, ಗವಂತಿಯಾದರೆ ಹಿಂದೆ ಮುಂದೆ ಒಂದೇ ತೆರನಾಗಿ ಹೊಲಿಯುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ, ಆ ಹೆಸರು ಅವರ ಕೆಲಸಕ್ಕೇ ಸೇರಬೇಕು.

ಈಗ ತೇರು ಬರೆಯುತ್ತಿದ್ದೇನೆ. ಹತ್ತು ಚೌಕಕ್ಕೆ ಅದು ಬಗ್ಗುವುದಿಲ್ಲ, ಮೂವತ್ತಾದರೂ ಬೇಕು. ಆದ್ದರಿಂದ ಸಾಲಾಗಿ ಇಡುವ ಬದಲು ಕೆಳಗಿನ ಸಾಲಿನ ನಡುವಿನ ಮೂರು ತುಂಡಿನ ಜಾಗದಲ್ಲಿ ಒಂದೇ ತೇರು, ಎಡಬಲಕ್ಕೆ ನಾಲ್ಕು ನಾಲ್ಕು ಗೋಪುರ ಅಂತ ಅಂದುಕೊಂಡಿದ್ದೇನೆ. ಗಾಲಿ ಮಾತ್ರ ಇನ್ನೂ ದುಂಡಗೆ ಬಂದಿಲ್ಲ. ಏಳು ಚೌಕದ ಗಾಲಿ ಅಷ್ಟಕೋನವಾಗುತ್ತದೆ, ಒಂಬತ್ತಕ್ಕೆ ಹೋದರೆ ತೇರೇ ಚಿಕ್ಕದಾಗಿ ಕಾಣುತ್ತದೆ.