ಮಳೆಗೆ ಮುಂಚೆ ಸಿಲಿಕಾನ್ ಗನ್ ಕೊಳ್ಳೋರಿಗೆ

ಆಗುಂಬೆ, ಹೊಸನಗರ, ಸಾಗರದ ಕಡೆಯವರು ಕಿಟಕಿ ಸಂದು, ಶೀಟಿನ ಜೋಡಣೆ ಎಲ್ಲ ಮೇ ತಿಂಗಳಲ್ಲೇ ಮುಚ್ಚಿಕೊಳ್ಳಿ. ಒದ್ದೆ ಗೋಡೆಗೆ, ಪಾಚಿ ಮೇಲೆ ಸಂದು ಮುಚ್ಚೋ ಸಿಲಿಕಾನ್ ಅಂಟು ಹಿಡಿಯೋದಿಲ್ಲ.

ಟ್ಯೂಬಿಂದ ಈ ಅಂಟು ಒತ್ತಿ ಹಾಕೋ ಗನ್ ತಗೊಳ್ಳುವಾಗ ಥ್ರಸ್ಟ್ ರೇಶಿಯೋ ಕೇಳಿ, ಅಂದರೆ ಹಿಡಿ ಒತ್ತಿದ ಬಲ ಎಷ್ಟು ಪಟ್ಟಾಗಿ ಅಂಟನ್ನ ತಳ್ಳುತ್ತೆ ಅನ್ನೋದು. ಸಿಲಿಕಾನ್, ಅಕ್ರಿಲಿಕ್‌ಗೆ 10:1 ಅಥವಾ 12:1 ಸಾಕು. ಪಿಯು (ಪಾಲಿಯುರೆಥೇನ್) ಸೀಲೆಂಟ್, ಗಟ್ಟಿ ಅಂಟಿಗೆ 18:1ಕ್ಕಿಂತ ಕಮ್ಮಿ ಬೇಡ. ತೆಳು ತಗಡಿನ ಅಗ್ಗದ ಗನ್ನಲ್ಲಿ ಗಟ್ಟಿ ಅಂಟು ಒತ್ತಿದರೆ ಚೌಕಟ್ಟು ಬಾಗುತ್ತೆ, ತಳ್ಳುವ ಬಿಲ್ಲೆ ವಾಲುತ್ತೆ, ಅಂಟು ಟ್ಯೂಬಿನ ಹಿಂದಿನಿಂದ ಉಕ್ಕಿ ಕೈಯೆಲ್ಲ ರಾಡಿ. ಬಿಲ್ಲೆ ತಳ್ಳೋದಕ್ಕೆ ಹಲ್ಲಿರುವ ಸರಳಿಗಿಂತ ನುಣುಪು ಸರಳೇ ವಾಸಿ. ಗನ್ನಿನ ಹಿಂದಿನ ಪಟ್ಟಿ ಹೆಬ್ಬೆರಳಲ್ಲಿ ಒತ್ತಿದರೆ ಒತ್ತಡ ಇಳಿದು ತೊಟ್ಟಿಕ್ಕೋದು ಕಮ್ಮಿಯಾಗುತ್ತೆ. 300 ಮಿ.ಲೀ. ಟ್ಯೂಬಿಗೆ ತೆರೆದ ಗನ್ ನಡೆಯುತ್ತೆ, 600 ಮಿ.ಲೀ. ಸಾಸೇಜ್ ಪ್ಯಾಕಿಗೆ (ಮೆತ್ತನೆ ಫಾಯಿಲ್ ಚೀಲದ್ದು) ಮುಚ್ಚಿದ ಕೊಳವೆ ಗನ್ನೇ ಬೇಕು.

ನಳಿಕೆ ತುದಿಯನ್ನ 45 ಡಿಗ್ರಿ ಓರೆಯಾಗಿ, ಮೊದಲು ಸಣ್ಣದಾಗೇ ಕತ್ತರಿಸಿ. ದೊಡ್ಡದಾಯ್ತೋ, ಮತ್ತೆ ಚಿಕ್ಕದು ಮಾಡೋಕಾಗಲ್ಲ. ಟ್ಯೂಬಿನ ಬಾಯಲ್ಲಿ ಪೊರೆ ಇದ್ದರೆ ಚುಚ್ಚೋದು ಮರೀಬೇಡಿ.

ಹಾಂ, ವಿನೆಗರ್ ವಾಸನೆಯ ಸಿಲಿಕಾನ್ ಜಿಂಕ್ ಶೀಟಿಗೆ ಹಾಕಬೇಡಿ, ತಗಡು ತಿನ್ನುತ್ತೆ. ಅಂಗಡಿಯಲ್ಲಿ ‘ನ್ಯೂಟ್ರಲ್’ ಅಂತ ಬರೆದದ್ದನ್ನೇ ಕೇಳಿ.